ಪೊಲ್ಲಿಲೂರಿನ ಯುದ್ಧಚಿತ್ರ: ಮೂಲವೂ ಪ್ರತಿಗಳೂ

ಪ್ರಾಚೀನ ಕಾವ್ಯಗಳನ್ನು ಪರಿಷ್ಕರಿಸುವವರು ಓಲೆಯ ಪ್ರತಿಯೊಂದು ಕೈಗೆ ಬಂದೊಡನೆ ಅದರ ಲಿಪಿಕಾರನಾರು, ಅವನು ನೋಡಿ ಬರೆದ ಮಾತೃಕೆ ಯಾವುದು ಎಂದು ವಿಚಾರಿಸುವರು. ಯುದ್ಧಚಿತ್ರಗಳ ವಿಷಯದಲ್ಲಿ ಮಾತ್ರ ಈ ಎಚ್ಚರವು ನಮ್ಮಲ್ಲಿ ಕಡಮೆ. ಗೋಡೆಯ ಮೇಲೆ ಕಂಡುದೆಲ್ಲವನ್ನೂ ಸಮಕಾಲೀನ ಸಾಕ್ಷ್ಯವೆಂದೆಣಿಸಿ ವಿದ್ಯಾರ್ಥಿಗಳಿಗೆ ಬೋಧಿಸಿಬಿಡುತ್ತೇವೆ. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಚಿತ್ರವನ್ನು ಪರಿಶೀಲಿಸಿದರೆ ಇದರ ಅಪಾಯವು ಚೆನ್ನಾಗಿ ತಿಳಿಯುವುದು.

1780ನೆಯ ಇಸವಿ ಸೆಪ್ಟೆಂಬರ್ 10ರಂದು ಕಂಚಿಯ ಸಮೀಪದ ಪೊಲ್ಲಿಲೂರಿನಲ್ಲಿ ಹೈದರನೂ ಟಿಪ್ಪುವೂ ಕರ್ನಲ್ ವಿಲಿಯಂ ಬೇಲಿಯ ಇಂಗ್ಲಿಷ್ ದಂಡನ್ನು ಮುರಿದರು. ಸರ್ ಹೆಕ್ಟರ್ ಮನ್ರೋ ಕೆಲವೇ ಮೈಲಿಗಳಾಚೆ ಇದ್ದರೂ ಸಕಾಲಕ್ಕೆ ಒದಗಲಿಲ್ಲ. ಸೆರೆಸಿಕ್ಕ ಬೇಲಿಯು 1782ರಲ್ಲಿ ಶ್ರೀರಂಗಪಟ್ಟಣದಲ್ಲಿಯೇ ತೀರಿಕೊಂಡನು. 1784ರಲ್ಲಿ ದರಿಯಾ ದೌಲತ್ತನ್ನು ಕಟ್ಟಿಸಿದ ಟಿಪ್ಪುವು ಅದರ ಪಡುವಣ ಗೋಡೆಯ ಮೇಲೆ ಈ ಜಯವನ್ನು ಬರೆಯಿಸಿದನು. ಮರುವರ್ಷವೇ ಅವನ ಸೈನ್ಯವು ನರಗುಂದ, ಕಿತ್ತೂರುಗಳನ್ನು ಹಿಡಿಯಿತು. ಇವೆರಡರ ನಡುವೆ ಇರುವುದೇ ಸವದತ್ತಿ, ಉಗರಗೋಳಗಳ ಸೀಮೆ. ಆದುದರಿಂದ ಈ ಚಿತ್ರವನ್ನು ದಕ್ಷಿಣದವರ ಸೊತ್ತೆಂದು ಬೆಳಗಾವಿಯ ಕಡೆಯವರು ಕಡೆಗಣಿಸಲಾಗದು.

ಚಿತ್ರದಲ್ಲಿ ಕೆಂಪಂಗಿಯ ಸಿಪಾಯಿಗಳು ಚೌಕವಾಗಿ ನಿಂತಿರುವರು. ನಡುವೆ ಮದ್ದಿನ ಬಂಡಿಯು ಸಿಡಿಯುತ್ತಿರುವುದು. ಗಾಯಗೊಂಡ ಬೇಲಿಯು ಪಲ್ಲಕ್ಕಿಯಲ್ಲಿ ಕುಳಿತು ಬೆರಳನ್ನು ಬಾಯಲ್ಲಿಟ್ಟುಕೊಂಡಿರುವನು. ಅವನು ಭಯದಿಂದ ಉಗುರು ಕಚ್ಚುತ್ತಿರುವನೆಂದು ಹಲವರು ಅರ್ಥಮಾಡಿರುವರು. ಆದರೆ ಪಾರಸಿ ಚಿತ್ರಸಂಪ್ರದಾಯದಲ್ಲಿ ಬಾಯಲ್ಲಿಟ್ಟ ಬೆರಳು ವಿಸ್ಮಯದ ಮುದ್ರೆ. ಮೂಗಿನ ಮೇಲೆ ಬೆರಳಿಡುವ ಕನ್ನಡಿಗರಿಗೆ ಇದನ್ನು ವಿವರಿಸಬೇಕಾದುದಿಲ್ಲ.

ಇನ್ನು ಪ್ರತಿಯ ಮಾತು. 1799ರ ಮುತ್ತಿಗೆಗೆ ಮುಂಚೆಯೇ ಈ ಚಿತ್ರವು ಕೆಡಿಸಲ್ಪಟ್ಟಿದ್ದಿತು. ಕೋಟೆ ಬಿದ್ದ ಮೇಲೆ ಅಲ್ಲಿ ವಾಸವಾಗಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಎಂದರೆ ಮುಂದೆ ವೆಲ್ಲಿಂಗ್ಟನ್ ಡ್ಯೂಕನಾದವನು, ಅದನ್ನು ಸರಿಪಡಿಸಿದನು. ಅನಂತರ ಮತ್ತೆ ಸುಣ್ಣ ಬಳಿಯಲಾಯಿತು. 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯು ಪುನಃ ಬರೆಯಿಸಬೇಕೆಂದು ಆಜ್ಞಾಪಿಸಿದಾಗ, ಹಳೆಯ ಚಿತ್ರವನ್ನು ನೆನಪಿನಲ್ಲಿಟ್ಟುಕೊಂಡಿದ್ದ ದೇಶೀಯ ಚಿತ್ರಕಾರನೊಬ್ಬನು ಆ ಕೆಲಸವನ್ನು ಮಾಡಿದನು. ಆದುದರಿಂದ ಇಂದು ನಾವು ನೋಡುವುದು 1784ರ ಕುಂಚವನ್ನಲ್ಲ. ಸ್ಮೃತಿಯಿಂದ ತುಂಬಿಸಿದ ಪಾಠವನ್ನು. ತಮ್ಮ ಸೋಲಿನ ಚಿತ್ರವನ್ನು ಗೆದ್ದವರೇ ಎರಡು ಬಾರಿ ಉಳಿಸಿದರೆಂಬುದು ಸೋಜಿಗ. ಬಹುಶಃ ಕೋಟೆಯು ತಮ್ಮ ಕೈಸೇರಿದ ಬಳಿಕ ಆ ಸೋಲು ಅವರಿಗೆ ಕಹಿಯಾಗಿ ತೋರಲಿಲ್ಲ.

ಹಾಗಾದರೆ ಮೂಲಪಾಠವನ್ನು ಊಹಿಸುವ ದಾರಿಯೇ ಇಲ್ಲವೆ? ಇದೆ. ಇದೇ ಯುದ್ಧವನ್ನು ಕಾಗದದ ಮೇಲೆ ಬರೆದ ಪ್ರತಿಗಳು ಉಳಿದಿವೆ. ಹತ್ತು ಹಾಳೆಗಳನ್ನು ಜೋಡಿಸಿದ, ಸುಮಾರು 32 ಅಡಿ ಉದ್ದದ ಅಂಥ ಒಂದು ಪ್ರತಿಯು 2022ರ ಮಾರ್ಚಿಯಲ್ಲಿ ಲಂಡನ್ನಿನ ಸಾದಬೀಸ್ ಹರಾಜಿನಲ್ಲಿ 6,30,000 ಪೌಂಡಿಗೆ ಮಾರಾಟವಾಯಿತು. ಗೋಡೆಯ ಚಿತ್ರದೊಡನೆ ಇಂಥವನ್ನು ಆಕೃತಿ ಆಕೃತಿಯಾಗಿ ಹೋಲಿಸುವುದು ಪಾಠಾಂತರಗಳನ್ನು ಗುರುತಿಸುವ ಕೆಲಸವೇ ಸರಿ. ಎರಡರಲ್ಲಿಯೂ ಸಮನಾಗಿರುವುದನ್ನು ಹಳೆಯದೆಂದು ಎಣಿಸಬಹುದು. ಗೋಡೆಯಲ್ಲಿ ಮಾತ್ರ ಕಾಣುವುದರ ಬಗೆಗೆ ಸಂಶಯವಿರಬೇಕು. ಹರಾಜಿನ ಬೆಲೆಯು ವರ್ತಮಾನಪತ್ರಗಳಿಗೆ ವಿಷಯವಾಯಿತು. ನಮಗೆ ಆ ಹೋಲಿಕೆಯೇ ಬೆಲೆಯುಳ್ಳದ್ದು.

ಯೂರೋಪಿನವರ ಪಕ್ಷದಲ್ಲಿಯೂ ಸ್ಥಿತಿಯು ಬೇರೆಯಲ್ಲ. 1799ರ ಮುತ್ತಿಗೆಯನ್ನು ರಾಬರ್ಟ್ ಕರ್ ಪೋರ್ಟರ್ ಎಂಬ ತರುಣನು 1800ರಲ್ಲಿ ಲಂಡನ್ನಿನಲ್ಲಿ 120 ಅಡಿ ಉದ್ದದ ಪಟದ ಮೇಲೆ ಬರೆದು ಲೈಸಿಯಮ್ಮಿನಲ್ಲಿ ಪ್ರದರ್ಶಿಸಿದನು. ಶ್ರೀರಂಗಪಟ್ಟಣವನ್ನು ಅವನು ಕಣ್ಣಾರೆ ಕಂಡವನಲ್ಲ. ಆ ಪಟವು ಮುಂದೆ ಬೆಂಕಿಗೆ ಆಹುತಿಯಾಯಿತು. ಉಳಿದುದು ಜೊವಾನಿ ವೆಂಡ್ರಾಮಿನಿಯು ತಾಮ್ರದ ತಗಡುಗಳಲ್ಲಿ ಕೊರೆದ ಮುದ್ರಣಗಳು; ಅವುಗಳಲ್ಲಿ ಕೆಲವಕ್ಕೆ ಕೈಯಿಂದ ಬಣ್ಣ ತುಂಬಿದರು. ಹೀಗೆ ಬಣ್ಣ ಹಚ್ಚುವವನ ಮುಂದೆ ಇರುತ್ತಿದ್ದುದು ಯುದ್ಧವಲ್ಲ, ಮತ್ತೊಂದು ಬಣ್ಣದ ಹಾಳೆ. ಒಂದೇ ತಗಡಿನ ಎರಡು ಮುದ್ರಣಗಳಲ್ಲಿ ಅಂಗಿಯ ಬಣ್ಣವೋ ಆಕಾಶದ ಹೊಗೆಯೋ ಬೇರೆಯಾದರೆ ಅದನ್ನು ಸಾಕ್ಷ್ಯವೆಂದು ಹಿಡಿಯಬಾರದು. ಗೆರೆಗೆ ಇರುವ ಪ್ರಾಮಾಣ್ಯ ಬಣ್ಣಕ್ಕಿಲ್ಲ. ಆ ಗೆರೆಯಾದರೂ ನೋಡದವನು ಬರೆದ ಗೆರೆ.

ಕಿತ್ತೂರಿನ 1824ರ ಯುದ್ಧವನ್ನೂ ಥ್ಯಾಕರೆಯ ಮರಣವನ್ನೂ ಚಿತ್ರಪಟದ ಸಹಾಯದಿಂದ ಬೋಧಿಸುವ ಉಪಾಧ್ಯಾಯರು ಪಟದ ಕೆಳಗೆ ಮೂರು ಸಂಗತಿಗಳನ್ನು ಬರೆದಿಡುವುದು ಮೇಲು: ಬರೆದವರಾರು, ಯಾವ ವರ್ಷ, ಯಾವುದನ್ನು ನೋಡಿ. ಮೂರನೆಯದಕ್ಕೆ ಉತ್ತರವು ದೊರೆಯದಿದ್ದರೆ ಆ ಸ್ಥಳವನ್ನು ಖಾಲಿ ಬಿಡಬಹುದು. ವಿದ್ಯಾರ್ಥಿಗಳು ಅದನ್ನೂ ಓದುವರು.