ಬಿರುಗಾಳಿಯಲ್ಲಿ ಗಾಲ್ಫ್ ಚೆಂಡು

ಗಾಲ್ಫ್ ಆಟದಲ್ಲಿ ಕಡಿಮೆ ಹೊಡೆತಗಳಲ್ಲಿ ಮುಗಿಸಿದವನೇ ಗೆದ್ದವನು. ಚೆಂಡನ್ನು ಕೋಲಿನಿಂದ ಹೊಡೆಯುತ್ತ, ಒಂದಾದ ಮೇಲೊಂದರಂತೆ 18 ಕುಳಿಗಳಲ್ಲಿ ಬೀಳಿಸಿದರೆ ಒಂದು ಸುತ್ತು ಮುಗಿಯಿತು. ಒಂದು ಸುತ್ತನ್ನು 71 ಹೊಡೆತಗಳಲ್ಲಿ ಮುಗಿಸಿದ ಆಟಗಾರನು ಮತ್ತೊಂದಕ್ಕೆ 78 ಹೊಡೆತಗಳನ್ನು ತೆಗೆದುಕೊಂಡರೆ ಅವನ ಆಟ ಕೆಟ್ಟಿತೆನ್ನಬೇಕಲ್ಲವೆ? 1938ರ ಬ್ರಿಟಿಷ್ ಓಪನ್ ಚಾಂಪಿಯನ್‌ಷಿಪ್ ಈ ಪ್ರಶ್ನೆಗೆ ವಿಚಿತ್ರವಾದ ಉತ್ತರವನ್ನು ಕೊಟ್ಟಿತು. ಅದರ ಮರ್ಮವನ್ನರಿಯಲು ಭೌತಶಾಸ್ತ್ರದ ನೆರವು ಬೇಕು.

ಈ ಪಂದ್ಯ ಮೊದಲು ನಡೆದುದು 1860ರಲ್ಲಿ, ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಪ್ರೆಸ್ಟ್‌ವಿಕ್‌ನಲ್ಲಿ. ಆಟವನ್ನೇ ವೃತ್ತಿಯಾಗಿಸಿಕೊಂಡಿದ್ದ ಎಂಟು ಮಂದಿ ಅಂದು ಸ್ಪರ್ಧಿಸಿದರು. 36 ಕುಳಿಗಳನ್ನು 174 ಹೊಡೆತಗಳಲ್ಲಿ ಮುಗಿಸಿ ವಿಲ್ಲಿ ಪಾರ್ಕ್ ಗೆದ್ದನು. ಅಂದಿನಿಂದಲೂ ಇದು ಕಡಲಂಚಿನ ಮೈದಾನಗಳ ಪಂದ್ಯ. ಮರಳು ದಿಬ್ಬ, ಒರಟು ಹುಲ್ಲು—ಇವಿಷ್ಟೇ ಅಲ್ಲಿಯ ಸಂಪತ್ತು, ಮರಗಳ ಆಸರೆಯಿಲ್ಲ. ಸಮತಟ್ಟಾದ ಕಡಲಿನ ಮೇಲೆ ಹೆಚ್ಚಿನ ಅಡೆತಡೆಯಿಲ್ಲದೆ ಬರುವ ಗಾಳಿ ನೇರವಾಗಿ ಆಟಗಾರನ ಮೇಲೆರಗುತ್ತದೆ.

1938ರ ಪಂದ್ಯ ನಡೆದುದು ಇಂಗ್ಲೆಂಡಿನ ಕೆಂಟ್ ಪ್ರಾಂತದ ಸ್ಯಾಂಡ್‌ವಿಚ್‌ನಲ್ಲಿ. ಮೊದಲಿನ ಎರಡು ಸುತ್ತುಗಳಲ್ಲಿ ರೆಜ್ ವಿಟ್‌ಕೂಂಬ್ ಎಂಬವನು 71, 71 ಹೊಡೆತಗಳಲ್ಲಿ ಆಡಿದನು. ಕೊನೆಯ ದಿನ, ಅಂದರೆ ಜುಲೈ 8ರಂದು, ಉಳಿದೆರಡು ಸುತ್ತುಗಳನ್ನೂ ಆಡಬೇಕಾಗಿತ್ತು. ಅಂದು ಬೀಸಿದ ಬಿರುಗಾಳಿ ಪ್ರದರ್ಶನದ ದೊಡ್ಡ ಡೇರೆಯನ್ನೇ ಹರಿದು ಕೆಡವಿತು. ಗಾಳಿಯನ್ನು ಬೆನ್ನಿಗೆ ಪಡೆದ ಆಲ್ಫ್ ಪ್ಯಾಡ್ಗಮ್, ಸುಮಾರು 380 ಗಜ ದೂರದ ಕುಳಿಯ ಅಂಗಳಕ್ಕೆ ಒಂದೇ ಹೊಡೆತದಲ್ಲಿ ಚೆಂಡನ್ನು ಮುಟ್ಟಿಸಿದನು. ಗಾಳಿಗೆ ಎದುರಾದವರಿಗಾದರೋ ದಾರಿಯೇ ಸಾಗದು. ವಿಟ್‌ಕೂಂಬ್ 75 ಮತ್ತು 78 ಹೊಡೆತಗಳನ್ನು ತೆಗೆದುಕೊಂಡನು. ಆದರೂ ಒಟ್ಟು 295ರಿಂದ ಗೆದ್ದವನು ಅವನೇ. ಎರಡನೆಯವನಾದ ಜಿಮ್ಮಿ ಆಡಮ್ಸ್‌ನದು 297.

ಗಾಳಿಯ ಲೆಕ್ಕ

ಗಾಲ್ಫ್ ಚೆಂಡಿನ ತೂಕ ಸುಮಾರು 46 ಗ್ರಾಂ. ನುರಿತವನ ಏಟಿಗೆ ಅದು ಸೆಕೆಂಡಿಗೆ ಸುಮಾರು 70 ಮೀಟರ್ ವೇಗದಿಂದ ಚಿಮ್ಮುತ್ತದೆ. ಚೆಂಡನ್ನು ತಡೆಯುವ ವಾಯುವಿನ ಪ್ರತಿರೋಧ ನೆಲಕ್ಕೆ ಸಂಬಂಧಿಸಿದ ವೇಗವನ್ನಲ್ಲ, ಗಾಳಿಗೆ ಸಂಬಂಧಿಸಿದ ವೇಗವನ್ನು ಅವಲಂಬಿಸಿದೆ. ಅದೂ ಸರಿಸುಮಾರು ಆ ವೇಗದ ವರ್ಗಕ್ಕನುಗುಣವಾಗಿ.

ಗಾಳಿಯ ವೇಗ ಸೆಕೆಂಡಿಗೆ 15 ಮೀಟರ್ ಎಂದುಕೊಳ್ಳೋಣ. ಎದುರುಗಾಳಿಯಲ್ಲಿ ಚೆಂಡಿನ ಸಾಪೇಕ್ಷ ವೇಗ 85 ಮೀಟರ್. ಬೆಂಗಾಳಿಯಲ್ಲಿ 55 ಮೀಟರ್. ಇವುಗಳ ವರ್ಗಗಳನ್ನು 70ರ ವರ್ಗದೊಡನೆ ಹೋಲಿಸಿದರೆ, ಎದುರುಗಾಳಿ ಪ್ರತಿರೋಧವನ್ನು ನೂರಕ್ಕೆ 47ರಷ್ಟು ಹೆಚ್ಚಿಸುತ್ತದೆ. ಬೆಂಗಾಳಿ ಅದನ್ನು ನೂರಕ್ಕೆ 38ರಷ್ಟು ಮಾತ್ರ ತಗ್ಗಿಸುತ್ತದೆ. ಅರ್ಧ ದಾರಿ ಎದುರುಗಾಳಿ, ಇನ್ನರ್ಧ ಬೆಂಗಾಳಿಯಾದರೂ ಲೆಕ್ಕ ಸರಿಹೋಗುವುದಿಲ್ಲ. ಗಾಳಿ ಕಸಿದುಕೊಂಡಷ್ಟನ್ನು ಮರಳಿ ಕೊಡುವುದಿಲ್ಲ!

ಪ್ರೊಫೆಸರರ ನಾಡಾಪಟ್ಟಿ

ಇದಕ್ಕೂ ಹೆಚ್ಚಿನ ತೊಡಕೊಂದಿದೆ. ಕೋಲಿನ ಓರೆಯಾದ ಮುಖ ತಗುಲಿದಾಗ ಚೆಂಡು ಮುಂದೆ ಹಾರುವುದರೊಡನೆ ಹಿಮ್ಮುಖವಾಗಿ ತಿರುಗತೊಡಗುತ್ತದೆ. ಎಡಿನ್‌ಬರೋ ವಿಶ್ವವಿದ್ಯಾಲಯದ ಭೌತಶಾಸ್ತ್ರಜ್ಞ ಪೀಟರ್ ಗತ್ರಿ ಟೇಟ್ ಇದನ್ನು ಪರೀಕ್ಷಿಸಲು ಚೆಂಡಿಗೆ ಉದ್ದನೆಯ ನಾಡಾಪಟ್ಟಿಯೊಂದನ್ನು ಕಟ್ಟಿ ಹೊಡೆಯಿಸಿದನು. ಪಟ್ಟಿಯಲ್ಲಿ ಬಿದ್ದ ತಿರುಚುಗಳನ್ನು ಎಣಿಸಿದರೆ ಚೆಂಡಿನ ಸುತ್ತುಗಳ ಲೆಕ್ಕ ದೊರೆಯುತ್ತಿತ್ತು. ಎಷ್ಟು ಸರಳ ಉಪಾಯ! ಈ ಪರಿಭ್ರಮಣವೇ ಚೆಂಡನ್ನು ಮೇಲಕ್ಕೆತ್ತಿ ದೂರಕ್ಕೊಯ್ಯುತ್ತದೆಂದು ಅವನು 1890ರ ದಶಕದಲ್ಲಿ ತೋರಿಸಿದನು. ಅವನ ಮಗ ಫ್ರೆಡ್ಡಿ ಹವ್ಯಾಸಿ ಆಟಗಾರರ ಚಾಂಪಿಯನ್. 1896ರಲ್ಲಿ ಅವನು ಗೆದ್ದುದೂ ಇದೇ ಸ್ಯಾಂಡ್‌ವಿಚ್‌ನಲ್ಲಿ.

ಹಿಮ್ಮುಖವಾಗಿ ತಿರುಗುವ ಚೆಂಡು ತನ್ನನ್ನು ಹಾದುಹೋಗುವ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ. ಪ್ರತಿಯಾಗಿ ಗಾಳಿ ಚೆಂಡನ್ನು ಮೇಲಕ್ಕೆ ತಳ್ಳುತ್ತದೆ. ನ್ಯೂಟನ್ನನ ಮೂರನೆಯ ನಿಯಮವೇ ಇಲ್ಲಿಯೂ ಕೆಲಸ ಮಾಡುತ್ತದೆ. ಶಾಂತ ಹವೆಯಲ್ಲಿ ಈ ಉತ್ಥಾಪಕ ಬಲ ಆಟಗಾರನ ಮಿತ್ರ. ಎದುರುಗಾಳಿಯಲ್ಲಿ ಸಾಪೇಕ್ಷ ವೇಗ ಹೆಚ್ಚಿದಂತೆ ಆ ಬಲವೂ ಹೆಚ್ಚುತ್ತದೆ; ಚೆಂಡು ಮುಂದೆ ಹೋಗುವುದನ್ನು ಬಿಟ್ಟು ಗಾಳಿಪಟದಂತೆ ಮೇಲೇರಿ, ವೇಗ ಕಳೆದುಕೊಂಡು ಬೀಳುತ್ತದೆ. ರೋಷದಿಂದ ಇನ್ನೂ ಬಲವಾಗಿ ಬಡಿದರೆ ಪರಿಭ್ರಮಣ ಇನ್ನಷ್ಟು ಹೆಚ್ಚಿ, ಚೆಂಡು ಇನ್ನಷ್ಟು ಮೇಲೇರುವುದು. ಬಲಶಾಲಿಯ ಬಲವೇ ಅವನಿಗೆ ಮುಳುವಾಗುವ ಪ್ರಸಂಗವಿದು.

ಆದುದರಿಂದ ಅನುಭವಿಯು ಕಡಿಮೆ ಓರೆಯುಳ್ಳ ಕೋಲನ್ನು ಹಿಡಿದು, ತೋಳಿನ ಬೀಸನ್ನು ಮೊಟಕುಗೊಳಿಸಿ, ಚೆಂಡನ್ನು ತಗ್ಗಿನಲ್ಲಿ ಓಡಿಸುತ್ತಾನೆ. ಪರಿಭ್ರಮಣ ಕಡಿಮೆಯಾದಷ್ಟೂ ಚೆಂಡು ಮೇಲೇರುವುದು ಕಡಿಮೆ. ಮೇಲಾಗಿ, ನೆಲದ ಘರ್ಷಣೆಯಿಂದಾಗಿ ಗಾಳಿಯ ವೇಗ ಕೆಳಗೆ ಕಡಿಮೆ, ಎತ್ತರದಲ್ಲಿ ಹೆಚ್ಚು. ತಗ್ಗಿನಲ್ಲಿ ಹಾರುವ ಚೆಂಡು ಎರಡು ರೀತಿಯಲ್ಲಿಯೂ ಗಾಳಿಯ ಕೈಗೆ ಸಿಕ್ಕದೆ ನುಸುಳುತ್ತದೆ.

ಬಿರುಗಾಳಿಯಲ್ಲಿ ಗೆದ್ದವನನ್ನು ಅದೃಷ್ಟಶಾಲಿಯೆಂದು ಕರೆಯುವುದು ಸುಲಭ. ಒಂದು ಹೊಡೆತವನ್ನು ಅದೃಷ್ಟ ಕಾಯಬಹುದು, 36 ಕುಳಿಗಳ ಉದ್ದಕ್ಕೂ ಕಾಯದು. ಸನ್ನಿವೇಶವನ್ನು ತಿಳಿಯದೆ ಅಳತೆಯೊಂದರ ಬೆಲೆ ಕಟ್ಟಬಾರದೆಂದು ಪ್ರಯೋಗಶಾಲೆಯಲ್ಲಿ ನಾವು ಕಲಿಯುತ್ತೇವೆ. ಆಟದ ಅಂಕಿಗಳಿಗೂ ಆ ನಿಯಮ ಸಲ್ಲುತ್ತದೆ. ಚೆಂಡಿನ ವೇಗವನ್ನು ಗಾಳಿಯೊಡನೆ ಹೋಲಿಸಿ ಅಳೆಯುವಂತೆ, ಆಟಗಾರನ ಸಾಮರ್ಥ್ಯವನ್ನೂ ಆ ದಿನದ ಗಾಳಿಯೊಡನೆ ಹೋಲಿಸಿಯೇ ಅಳೆಯಬೇಕು. ಹಾಗೆ ಅಳೆದರೆ ವಿಟ್‌ಕೂಂಬನ 78, ಅವನ 71ಕ್ಕಿಂತ ಮೇಲಾದ ಆಟವೆಂದೇ ನಾವು ಹೇಳಬೇಕಾಗುತ್ತದೆ.