ನೆರಳಿನ ಎಲೆಯ ಮೇಲಿನ ಅಪವಾದ

ಎಲೆಯು ಬೆಳಕಿನ ಬಲದಿಂದ ಗಾಳಿಯೊಳಗಣ ಇಂಗಾಲದ ಡೈ ಆಕ್ಸೈಡನ್ನೂ ಬೇರು ತಂದಿತ್ತ ನೀರನ್ನೂ ಕೂಡಿಸಿ ಸಕ್ಕರೆಯನ್ನು ನಿರ್ಮಿಸುತ್ತದೆ. ಆ ಸಕ್ಕರೆಯು ಆಹಾರವಾಹಿನಿಗಳ ಮೂಲಕ ಚಿಗುರು, ಬೇರು, ಹೂ, ಕಾಯಿಗಳಿಗೆ ಹರಿಯುತ್ತದೆ. ಸಕ್ಕರೆಯನ್ನು ಕಳುಹುವ ಅಂಗವನ್ನು ದಾತೃವೆಂದೂ ಪಡೆಯುವ ಅಂಗವನ್ನು ಗ್ರಾಹಕವೆಂದೂ ಕರೆಯೋಣ. ಪರಿಭಾಷೆ ಇಷ್ಟು ಸಾಕು.

ಇನ್ನು ಪ್ರಶ್ನೆಗೆ ಬರೋಣ. ಸಕ್ಕರೆಯನ್ನು ಮಾಡುವ ಅಂಗವನ್ನೇ ಕಿತ್ತೆಸೆದರೆ ಫಲವು ಹೆಚ್ಚುವುದೆಂತು? ವಿಜಯಪುರ, ಬಾಗಲಕೋಟೆಗಳ ದ್ರಾಕ್ಷಿ ತೋಟಗಳಲ್ಲಿಯೂ, ಕಾನೂನಿನ ಅನುಮತಿಯುಳ್ಳ ಕೆನಡಾದಂತಹ ದೇಶಗಳಲ್ಲಿ ಗಾಂಜಾ ಬೆಳೆಯುವವರಲ್ಲಿಯೂ ಎಲೆ ಸವರುವ ಪದ್ಧತಿ ರೂಢಿಯಲ್ಲಿದೆ, ಕಾರಣವನ್ನು ಕೇಳಿದರೆ ಎರಡೂ ಕಡೆ ದೊರೆಯುವ ಉತ್ತರ ಬಹುಮಟ್ಟಿಗೆ ಒಂದೇ: “ಕೆಳಗಿನ ಎಲೆ ನೆರಳಿನಲ್ಲಿದೆ, ತಾನು ದುಡಿಯುವುದಿಲ್ಲ, ಗಿಡದ ಸಾರವನ್ನು ತಿನ್ನುತ್ತದೆ, ಅದನ್ನು ತೆಗೆದರೆ ಆ ಸಾರವೆಲ್ಲ ಫಲಕ್ಕೆ ಸೇರುತ್ತದೆ.” ಮಾಡುವ ಕೆಲಸವು ಹಲವು ವೇಳೆ ಸರಿಯಾದುದೇ, ಹೇಳುವ ಕಾರಣ ಮಾತ್ರ ತಪ್ಪು. ಕಾರಣ ತಪ್ಪಿದರೆ ಕತ್ತರಿಯೂ ತಪ್ಪುತ್ತದೆಯಾದ್ದರಿಂದ ಇಲ್ಲಿ ತುಸು ನಿಲ್ಲಬೇಕಾಗಿದೆ.

ನೆರಳಿನ ಎಲೆಯನ್ನು ದುಡಿಯದೆ ಉಣ್ಣುವ ಬಂಧುವೆಂದು ಭಾವಿಸುವವರು ಎಲೆಯ ಜೀವನಚರಿತ್ರೆಯನ್ನು ಗಮನಿಸಿರುವುದಿಲ್ಲ. ಆಗತಾನೆ ಬಿಚ್ಚಿದ ಎಳೆಯ ಎಲೆಯು ಗ್ರಾಹಕವೇ ಸರಿ. ಹಿರಿಯ ಎಲೆಗಳು ಕಳುಹಿಸಿದುದನ್ನು ಉಂಡು ಬೆಳೆಯುತ್ತದೆ. ಆದರೆ ತನ್ನ ಪೂರ್ಣ ವಿಸ್ತಾರದ ಸುಮಾರು ಮೂರನೆಯ ಒಂದು ಭಾಗದಿಂದ ಅರ್ಧದಷ್ಟು ಹರಡುವ ಹೊತ್ತಿಗೆ ಅದರೊಳಗೆ ಒಂದು ಪರಿವರ್ತನೆ ಆರಂಭವಾಗುತ್ತದೆ. ಮೊದಲು ತುದಿಯಲ್ಲಿ, ಅನಂತರ ಕ್ರಮವಾಗಿ ಬುಡದ ಕಡೆಗೆ, ಎಲೆಯು ಆಮದನ್ನು ನಿಲ್ಲಿಸಿ ರಫ್ತನ್ನು ತೊಡಗುತ್ತದೆ. ಕೆಲವು ದಿನ ಒಂದೇ ಎಲೆಯ ತುದಿ ಕೊಡುತ್ತಲೂ ಬುಡ ಕೊಳ್ಳುತ್ತಲೂ ಇರುವ ಸೋಜಿಗವನ್ನು, ವಿಕಿರಣಶೀಲ ಇಂಗಾಲವನ್ನು ಉಣಿಸಿದ ಗಿಡದ ಎಲೆಯನ್ನು ಛಾಯಾಫಲಕದ ಮೇಲೆ ಒತ್ತಿ ಕಣ್ಣಾರೆ ನೋಡಬಹುದು. ಸಸ್ಯಶಾಸ್ತ್ರದಲ್ಲಿ ಇದಕ್ಕಿಂತ ಸುಂದರವಾದ ಚಿತ್ರಗಳು ವಿರಳ!

ಮುಖ್ಯ ಸಂಗತಿಯೆಂದರೆ, ಹೀಗೆ ಮುಚ್ಚಿದ ಆಮದಿನ ಬಾಗಿಲು ಸಾಮಾನ್ಯವಾಗಿ ಮತ್ತೆ ತೆರೆಯುವುದಿಲ್ಲ. ಬಲಿತ ಎಲೆಯನ್ನು ಕತ್ತಲೆಯಲ್ಲಿಟ್ಟು ಉಪವಾಸ ಕೆಡವಿದರೂ ನೆರೆಯ ಎಲೆಗಳು ಅದಕ್ಕೆ ಹೇಳಿಕೊಳ್ಳುವಷ್ಟು ಸಕ್ಕರೆಯನ್ನು ಕಳುಹುವುದಿಲ್ಲ. 1984ರಲ್ಲಿ ಪ್ರಕಟವಾದ ತಂಬಾಕಿನ ಪ್ರಯೋಗವೊಂದು ಇದನ್ನು ಇನ್ನಷ್ಟು ಸ್ಪಷ್ಟಪಡಿಸಿತು: ಹರಿತ್ತೇ ಇಲ್ಲದ, ಒಂದು ಕಣವೂ ಸಕ್ಕರೆಯನ್ನು ಮಾಡಲಾರದ ಬಿಳಿಯ ಎಲೆ ಕೂಡ ಬಲಿತೊಡನೆ ಆಮದನ್ನು ನಿಲ್ಲಿಸಿಬಿಟ್ಟಿತು. ಅಂದರೆ ಈ ಬಂಧುವು ಹಸಿದು ಸಾಯುವನೇ ಹೊರತು ಪರರ ಅನ್ನಕ್ಕೆ ಕೈಯೊಡ್ಡುವವನಲ್ಲ. ಸಾಯುವ ಮುನ್ನ ತನ್ನ ಆಸ್ತಿಯನ್ನೂ ಮನೆಗೆ ಒಪ್ಪಿಸಿ ಹೋಗುತ್ತಾನೆ. ಹಳದಿಯಾಗುತ್ತಿರುವ ಎಲೆಯಿಂದ ಸಾರಜನಕ, ರಂಜಕ, ಪೊಟ್ಯಾಸಿಯಂಗಳ ಬಹುಭಾಗ ಗಿಡಕ್ಕೆ ಹಿಂದಿರುಗುತ್ತದೆ. ಹಸಿರಿರುವಾಗಲೇ ಕಿತ್ತರೆ ಆ ಗಂಟು ನೆಲದ ಪಾಲು.

ಹಾಗಾದರೆ ಎಲೆ ಸವರುವುದರಿಂದ ಲಾಭವೇ ಇಲ್ಲವೇ? ಇದೆ, ಆದರೆ ಅದು ಬರುವುದು ಆಹಾರದ ಉಳಿತಾಯದಿಂದಲ್ಲ, ಬೆಳಕು ಗಾಳಿಗಳಿಂದ. ದ್ರಾಕ್ಷಿಯ ಒಂದು ಎಲೆಯೇ ತನ್ನ ಮೇಲೆ ಬಿದ್ದ ಉಪಯುಕ್ತ ಬೆಳಕಿನ ಹತ್ತರಲ್ಲಿ ಒಂಬತ್ತು ಪಾಲನ್ನು ಹೀರುವುದರಿಂದ ಮೂರನೆಯ ಪದರದ ಕೆಳಗೆ ಮಧ್ಯಾಹ್ನದಲ್ಲಿಯೂ ಮಬ್ಬು. ನಮ್ಮ ಬೆಳೆಗಾರರು ಏಪ್ರಿಲ್ ಚಾಟ್ನಿ, ಅಂದರೆ ಬಳ್ಳಿಯ ಕಡ್ಡಿಗಳನ್ನು ಕತ್ತರಿಸುವ ಕೆಲಸ, ಮುಗಿದ ಮೇಲೆ ಬೆಳೆಸುವ ಕಡ್ಡಿಗಳ ಕಣ್ಣುಗಳೊಳಗೆ, ಅಕ್ಟೋಬರ್ ಚಾಟ್ನಿಯ ಅನಂತರ ಹೊರಬೀಳಲಿರುವ ಗೊಂಚಲಿನ ಅಂಕುರವು ಆ ಬೇಸಿಗೆಯಲ್ಲಿಯೇ ರೂಪುಗೊಳ್ಳುತ್ತದೆ. ಆಗ ಬೆಳಕು ತಾಗದ ಕಣ್ಣು ಬಂಜೆಯಾಗುವ ಸಂಭವ ಹೆಚ್ಚು. ಗೊಂಚಲು ಬಂದ ಮೇಲೆ ಅದರ ಸುತ್ತಣ ಕೆಲವು ಎಲೆಗಳನ್ನು ತೆಗೆದರೆ ಇಬ್ಬನಿ ಬೇಗ ಆರಿ, ಸಿಂಪಡಿಸಿದ ಔಷಧಿ ಒಳಗೆ ತಲುಪಿ, ಬೂದಿ ರೋಗಕ್ಕೂ ಕೊಳೆಗೂ ಆಸ್ಪದ ಕಡಮೆಯಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 1980ರ ದಶಕದ ಪ್ರಯೋಗಗಳು ಗೊಂಚಲು ಕೊಳೆಯ ವಿಷಯದಲ್ಲಿ ಇದನ್ನೇ ತೋರಿಸಿಕೊಟ್ಟವು.

ಅತಿಯಾದರೆ ದಂಡವೂ ಉಂಟು. ಒಂದು ಗ್ರಾಂ ದ್ರಾಕ್ಷಿ ಸರಿಯಾಗಿ ಮಾಗಲು ಸುಮಾರು 8ರಿಂದ 12 ಚದರ ಸೆಂಟಿಮೀಟರ್ ಎಲೆ ಬೇಕು. ಅಂದರೆ ಕಿಲೋ ಹಣ್ಣಿಗೆ ಹೆಚ್ಚುಕಡಮೆ ಒಂದು ಚದರ ಮೀಟರ್. ಅದಕ್ಕಿಂತ ಬಹಳ ಇಳಿದರೆ ಹಣ್ಣು ಹುಳಿಯಾಗಿ ಉಳಿಯುತ್ತದೆ. ಪಶ್ಚಿಮದ ಬಿಸಿಲಿಗೆ ಒಮ್ಮೆಗೇ ತೆರೆದಿಟ್ಟರೆ ಸುಟ್ಟು ಕಂದುತ್ತದೆ. ಹೂ ಅರಳುವ ಮುನ್ನವೇ ಬುಡದ ಎಲೆಗಳನ್ನು ತೆಗೆದರಂತೂ ಕಾಯಿ ಕಚ್ಚುವುದೇ ಕಡಮೆಯಾಗುತ್ತದೆ. ಇಟಲಿಯ ಸಂಶೋಧಕರು ಒತ್ತೊತ್ತಾದ ಗೊಂಚಲನ್ನು ವಿರಳಗೊಳಿಸಲು ಈ ನಷ್ಟವನ್ನೇ ಉಪಾಯವಾಗಿ ಬಳಸಿದ್ದಾರೆ. ಆ ಎಲೆಗಳು ಉಣ್ಣುತ್ತಿರಲಿಲ್ಲ, ಹೂವಿಗೆ ಉಣಿಸುತ್ತಿದ್ದವೆಂಬುದಕ್ಕೆ ಬೇರೆ ಸಾಕ್ಷ್ಯ ಬೇಡ.

ಆದಕಾರಣ ಕತ್ತರಿ ಹಿಡಿಯುವ ಮುನ್ನ ಕೇಳಿಕೊಳ್ಳಬೇಕಾದುದು ಎಷ್ಟು ಎಲೆ ಎಂದಷ್ಟೇ ಅಲ್ಲ. ಯಾವ ಎಲೆ, ಯಾವಾಗ, ಯಾವ ಕಣ್ಣಿಗೆ ಅಥವಾ ಗೊಂಚಲಿಗೆ ಬೆಳಕು ಬಿಡಲು ಎಂದು. ಕೈಗೆ ಹತ್ತಿರದ ಬಳ್ಳಿಯೇ ಇದಕ್ಕೆ ಉತ್ತಮ ಪಾಠಶಾಲೆ. ಬರುವ ಹಂಗಾಮಿನಲ್ಲಿ ಒಂದು ಸಾಲನ್ನು ಸವರದೆ ಬಿಡಿರಿ. ಪಕ್ಕದ ಸಾಲಿನೊಡನೆ ಅದರ ಗೊಂಚಲುಗಳನ್ನು ಎಣಿಸಿ, ತೂಗಿ, ರಸದ ಸಿಹಿಯನ್ನು ಬ್ರಿಕ್ಸ್ ಮಾಪಕದಲ್ಲಿ ಅಳೆದು ಬರೆದಿಡಿರಿ. ನಮ್ಮ ನೆಲ, ನಮ್ಮ ಬಿಸಿಲು, ನಮ್ಮ ತಳಿಗಳಿಗೆ ತಕ್ಕ ಲೆಕ್ಕವು ಇಂತಹ ದಾಖಲೆಗಳಿಂದಲೇ ಸಿದ್ಧವಾಗಬೇಕು. ಓದುಗರಲ್ಲಿ ಕೆಲವರಾದರೂ ಆ ಕೆಲಸಕ್ಕೆ ಕೈಹಾಕಲಿ.