ಕಡಲೆಕಾಯಿಗೆ ಬೂಷ್ಟು ಹಿಡಿದರೆ

ಮನೆಯ ಹೊಲದಲ್ಲಿ ಬೆಳೆದ ಕಡಲೆಕಾಯಿಗೆ ಬೂಷ್ಟು ಹಿಡಿದಾಗ, ಬಿಸಾಡಲು ಮನಸ್ಸು ಬಾರದೆ ಗೃಹಿಣಿಯರು ಅದನ್ನು ತೊಳೆದು, ಹುರಿದು ಉಪಯೋಗಿಸುವುದುಂಟು. ಈ ಮಿತವ್ಯಯವು ಅಪಾಯಕರವಾದುದು. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಸುರು-ಹಳದಿ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುವುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಕಡಲೆಕಾಯಿ ಹಿಂಡಿಯನ್ನು ತಿಂದು ಸುಮಾರು 1 ಲಕ್ಷ ಟರ್ಕಿಕೋಳಿಗಳು ಸತ್ತಾಗ ಇದು ಬೆಳಕಿಗೆ ಬಂದಿತು. 1974ರಲ್ಲಿ ರಾಜಸ್ಥಾನ, ಗುಜರಾತುಗಳಲ್ಲಿ ಬೂಷ್ಟು ಹಿಡಿದ ಮುಸುಕಿನ ಜೋಳವನ್ನುಂಡ 100ಕ್ಕೂ ಹೆಚ್ಚು ಜನರು ಯಕೃತ್ತು ಕೆಟ್ಟು ಮಡಿದರು. ತೊಳೆದರೆ ಬೂಷ್ಟು ಹೋದೀತು, ವಿಷವು ಹೋಗದು. ಹುರಿದರೂ ಬೇಯಿಸಿದರೂ ಅದು ಪೂರ್ತಿಯಾಗಿ ನಾಶವಾಗದು. ಹಸುವಿಗೆ ಹಾಕಿದರೆ ಹಾಲಿನ ಮೂಲಕ ಮಕ್ಕಳ ಬಾಯಿಗೇ ಬರುವುದು.

ಆದುದರಿಂದ ಮೊದಲೇ ತಡೆಯುವುದು ಲೇಸು. ಕಿತ್ತ ಕಾಯಿಯ ಮಣ್ಣನ್ನು ಒದರಿ, ಬಿಸಿಲಿನಲ್ಲಿ ತೆಳ್ಳಗೆ ಹರವಿ, ರಾತ್ರಿ ಮಂಜು ತಾಗದಂತೆ ಮುಚ್ಚತಕ್ಕದ್ದು. ಅಲ್ಲಾಡಿಸಿದಾಗ ಒಳಗಿನ ಬೀಜವು ಸದ್ದುಮಾಡಿದರೆ, ಬೀಜದ ಕೆಂಪು ಸಿಪ್ಪೆಯು ಉಜ್ಜಿದೊಡನೆ ಬಿಟ್ಟರೆ, ಕಾಯಿ ಒಣಗಿತೆಂದು ತಿಳಿಯಬೇಕು. ಒಡೆದ, ಮುರುಟಿದ ಕಾಯಿಗಳನ್ನು ಆರಿಸಿ ತೆಗೆದು, ಉಳಿದುದನ್ನು ಸುಲಿಯದೆಯೇ ಚೀಲದಲ್ಲಿ ತುಂಬಿ, ಗೋಡೆಗೆ ತಾಗದಂತೆ ಹಲಗೆಯ ಮೇಲಿಡಬೇಕು. ಬೂಷ್ಟು ಕಂಡುದನ್ನೂ ಬಣ್ಣಗೆಟ್ಟುದನ್ನೂ ಮನುಷ್ಯರಿಗಾಗಲಿ ದನಗಳಿಗಾಗಲಿ ಕೊಡದೆ ಹೂಳತಕ್ಕದ್ದು. ಹಿಡಿ ಬೀಜದ ನಷ್ಟವನ್ನು ಮುಂದಿನ ಬೆಳೆಯು ತುಂಬಿಕೊಡುವುದು. ಕೆಟ್ಟ ಆರೋಗ್ಯವನ್ನು ಯಾವ ಬೆಳೆಯೂ ತುಂಬಿಕೊಡದು.